ಬಾಗಿಲು ಮುಚ್ಚದ ಗಡಿಯಾರದಜ್ಜ

ಗಡಿಯಾರ ರಿಪೇರಿ ಮಾಡುವವರನ್ನು ನೀವೆಲ್ಲ ಪೇಟೆಯಲ್ಲಿ ನೋಡಿರುತ್ತೀರಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಕಾಳಿನಷ್ಟು ಚಿಕ್ಕ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತುತ್ತಾ ಕೂತಿರುತ್ತಾರೆ. ಅಂಥ ಒಬ್ಬರ ಬಗ್ಗೆ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಅವರ ಹೆಸರು ಕ್ಯಾಸ್ಪರ್ ಟೆನ್ ಬೂಮ್.

ಕೆಳಗೆ ಅಂಗಡಿ, ಮೇಲೆ ಮನೆ

ಕ್ಯಾಸ್ಪರ್ 1859ರಲ್ಲಿ ನೆದರ್ಲ್ಯಾಂಡ್ಸ್ ದೇಶದ ಹಾರ್ಲೆಮ್ ಎಂಬ ಊರಿನಲ್ಲಿ ಹುಟ್ಟಿದರು. ಈ ದೇಶಕ್ಕೆ ಹಾಲೆಂಡ್ ಅಂತಲೂ ಹೇಳುತ್ತಾರೆ. ಅವರ ತಂದೆ 1837ರಲ್ಲಿ ಅಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದರು. ಕ್ಯಾಸ್ಪರ್ ಕೂಡ ಅದೇ ಕಸುಬು ಹಿಡಿದರು. ಕೈಕೆಲಸ ಬಹಳ ಚೆನ್ನಾಗಿತ್ತು. ಆದರೆ ಬಿಲ್ಲು ಕಳಿಸುವುದನ್ನೇ ಎಷ್ಟೋ ಸಲ ಮರೆತುಬಿಡುತ್ತಿದ್ದರಂತೆ! ಹಾಗಾಗಿ ದೊಡ್ಡ ಶ್ರೀಮಂತರೇನೂ ಆಗಲಿಲ್ಲ.

ಅವರ ಹೆಂಡತಿ ಕೊರ್ನೇಲಿಯಾ. ಮಕ್ಕಳು ಬೆಟ್ಸಿ, ವಿಲ್ಲೆಮ್, ನೋಲಿ ಮತ್ತು ಕೊರಿ. ಹೆಂಡತಿಯ ಮೂವರು ಅಕ್ಕತಂಗಿಯರೂ ಆ ಚಿಕ್ಕ ಮನೆಯಲ್ಲೇ ಇದ್ದರು. ಆಮೇಲೆ ಬೇರೆಯವರ ಮಕ್ಕಳನ್ನೂ ಕರೆದುಕೊಂಡು ಬಂದು ಸಾಕಿದರು. ಕಿರಿಯ ಮಗಳು ಕೊರಿ ತಂದೆಯ ಹತ್ತಿರವೇ ಕೆಲಸ ಕಲಿತು, 1922ರಲ್ಲಿ ಆ ದೇಶದಲ್ಲಿ ಗಡಿಯಾರ ಕೆಲಸದ ಲೈಸೆನ್ಸ್ ಪಡೆದ ಮೊದಲ ಮಹಿಳೆಯಾದರು.

ದಿನಾ ಬೆಳಿಗ್ಗೆ ಮನೆಯವರು, ಅಂಗಡಿಯ ಕೆಲಸದವರು ಎಲ್ಲರೂ ಸೇರುತ್ತಿದ್ದರು. ಕ್ಯಾಸ್ಪರ್ ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದರು. ಅವರ ತಂದೆ 1844ರಲ್ಲಿ ಯಹೂದಿ ಜನರಿಗಾಗಿ ಒಂದು ಪ್ರಾರ್ಥನಾ ಕೂಟ ಶುರು ಮಾಡಿದ್ದರು. ಈ ವರ್ಷ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗೋಡೆಯ ಹಿಂದೆ ಗೋಡೆ

1940ರ ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ಹಾಲೆಂಡನ್ನು ಹಿಡಿಯಿತು. 1942ರಲ್ಲಿ ಯಹೂದಿಗಳೆಲ್ಲ ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹಾಕಿಕೊಳ್ಳಬೇಕೆಂದು ಆಜ್ಞೆಯಾಯಿತು. ಅವರನ್ನು ಹಿಡಿದು ರೈಲಿನಲ್ಲಿ ಸಾವಿನ ಶಿಬಿರಗಳಿಗೆ ಕಳಿಸುತ್ತಿದ್ದರು. ಬಚ್ಚಿಟ್ಟವರಿಗೂ ಜೈಲು. ಆಗ ಕ್ಯಾಸ್ಪರ್‌ಗೆ ಎಂಬತ್ತು ದಾಟಿತ್ತು. ಆದರೂ ಬಾಗಿಲು ತಟ್ಟಿದ ಯಹೂದಿಗಳನ್ನು ಅವರು ಒಳಗೆ ಕರೆದುಕೊಂಡರು.

ಬಚ್ಚಿಡುವುದು ಹೇಗೆ? ಮೇಲಿನ ಮಹಡಿಯ ಕೊರಿಯ ಕೋಣೆಯಲ್ಲಿ ಹಳೆ ಗೋಡೆಯ ಮುಂದೆ ಇನ್ನೊಂದು ಸುಳ್ಳು ಗೋಡೆ ಕಟ್ಟಿಸಿದರು. ಯಾರಿಗೂ ತಿಳಿಯಬಾರದೆಂದು ಸಾಮಾನುಗಳನ್ನು ಬ್ಯಾಗಿನಲ್ಲಿ, ಪೇಪರಿನಲ್ಲಿ ಸುತ್ತಿ ತಂದರು. ಎರಡು ಗೋಡೆಗಳ ನಡುವೆ ಎರಡೂವರೆ ಅಡಿ ಜಾಗ, ಅಷ್ಟೇ! ಬೀರುವಿನ ಕೆಳಗಿನ ಹಲಗೆ ಸರಿಸಿ ತೆವಳಿಕೊಂಡು ಒಳಗೆ ಹೋಗಬೇಕು. ಗಂಟೆ ಬಾರಿಸಿದ ಕೂಡಲೇ ಬಚ್ಚಿಟ್ಟುಕೊಳ್ಳುವುದನ್ನು ಅವರು ಡ್ರಿಲ್ಲಿನ ಹಾಗೆ ಅಭ್ಯಾಸ ಮಾಡುತ್ತಿದ್ದರು. ಮಲಗಿದ್ದ ಹಾಸಿಗೆ ಬೆಚ್ಚಗಿದ್ದರೆ ಪೊಲೀಸರಿಗೆ ಗೊತ್ತಾಗುತ್ತೆ ಅಂತ ಅದನ್ನೂ ಮಗುಚಿ ಹಾಕಬೇಕಿತ್ತು.

ಇದಕ್ಕೆಲ್ಲ ಗಡಿಯಾರದ ಅಂಗಡಿಯೇ ಸಹಾಯಕ್ಕೆ ಬಂತು. ಅಂಗಡಿಗೆ ನಾಲ್ಕು ಜನ ಬಂದು ಹೋದರೆ ಯಾರಿಗೂ ಅನುಮಾನ ಬರುವುದಿಲ್ಲ. ಟೆಲಿಫೋನಿನಲ್ಲಿ ಜನರ ವಿಷಯ ಹೇಳುವಾಗ ಗಡಿಯಾರದ ವಿಷಯ ಅನ್ನುವ ಹಾಗೆ ಮಾತಾಡುತ್ತಿದ್ದರು. ಕಿಟಕಿಯಲ್ಲಿ ಒಂದು ವಾಚ್ ಕಂಪನಿಯ ಬೋರ್ಡು ಇದ್ದರೆ ಅಪಾಯವಿಲ್ಲ, ಒಳಗೆ ಬರಬಹುದು ಎಂದು ಅರ್ಥ.

1944ರ ಫೆಬ್ರವರಿ 28

ಅವರದೇ ದೇಶದ ಒಬ್ಬ ಮನುಷ್ಯ ದ್ರೋಹ ಮಾಡಿ ಸುದ್ದಿ ಕೊಟ್ಟ. ಪೊಲೀಸರು ನುಗ್ಗಿ ಕ್ಯಾಸ್ಪರ್, ಮಕ್ಕಳು, ಮನೆಗೆ ಬಂದಿದ್ದವರು ಸೇರಿ ಸುಮಾರು 30 ಜನರನ್ನು ಹಿಡಿದರು. ತಂದೆ ಪ್ರಾರ್ಥನಾ ಕೂಟ ಶುರು ಮಾಡಿ ಆಗ ಸರಿಯಾಗಿ ನೂರು ವರ್ಷ! ವಯಸ್ಸು ನೋಡಿ ಅಧಿಕಾರಿ, ಇನ್ನು ಮುಂದೆ ಸುಮ್ಮನಿರುವುದಾದರೆ ಮನೆಗೆ ಬಿಡುತ್ತೇನೆ ಅಂದನಂತೆ. ಬಿಟ್ಟರೆ ನಾಳೆಯೇ ಬಾಗಿಲು ತಟ್ಟಿದವರಿಗೆ ಬಾಗಿಲು ತೆರೆಯುತ್ತೇನೆ ಎಂದು ಅಜ್ಜ ಉತ್ತರ ಕೊಟ್ಟರು ಎಂದು ಕೊರಿ ಬರೆದಿದ್ದಾರೆ.

ಹತ್ತು ದಿನಕ್ಕೆ, ಮಾರ್ಚ್ 9ರಂದು, ಕ್ಯಾಸ್ಪರ್ ಸೆರೆಯಲ್ಲೇ ತೀರಿಕೊಂಡರು. ಆಗ ಅವರಿಗೆ 84 ವರ್ಷ. ಬೆಟ್ಸಿ ಅದೇ ಡಿಸೆಂಬರಿನಲ್ಲಿ ಜರ್ಮನಿಯ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಸತ್ತರು. ಅದೇ ಶಿಬಿರದಲ್ಲಿದ್ದ ಕೊರಿ ಬದುಕಿ ಬಂದು, 1983ರವರೆಗೂ ಇದ್ದರು. ಅವರ ‘ದಿ ಹೈಡಿಂಗ್ ಪ್ಲೇಸ್’ ಪುಸ್ತಕ 1971ರಲ್ಲಿ ಬಂತು.

ನಾನು ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮಜ್ಜಿ, “ಪಾಪ, ಆ ಮುದುಕಪ್ಪನಿಗೆ ಏನು ಸಿಕ್ತು?” ಅಂತ ಕೇಳಿದರು. ಆ ದಿನ ಗೋಡೆಯ ಹಿಂದೆ ಆರು ಜನ ಇದ್ದರು. ಪೊಲೀಸರು ಎಷ್ಟು ಹುಡುಕಿದರೂ ಅವರು ಸಿಗಲಿಲ್ಲ. ಎರಡು ದಿನ ಉಸಿರು ಬಿಗಿಹಿಡಿದುಕೊಂಡು ಕೂತಿದ್ದು, ಆಮೇಲೆ ಪಾರಾದರು. ಇದನ್ನು ಹೇಳಿದ ಮೇಲೆ ಅಜ್ಜಿ ಸುಮ್ಮನಾದರು.

ಅಜ್ಜ ಒಂದೇ ದಿನದಲ್ಲಿ ಧೈರ್ಯವಂತರಾದರು ಅಂತ ನನಗೆ ಅನ್ನಿಸುವುದಿಲ್ಲ. ಹೆಂಡತಿಯ ಅಕ್ಕತಂಗಿಯರಿಗೆ, ಪರರ ಮಕ್ಕಳಿಗೆ ಜಾಗ ಕೊಟ್ಟು ಕೊಟ್ಟು ಅವರಿಗೆ ಅಭ್ಯಾಸವಾಗಿತ್ತು. ಆದ್ದರಿಂದ ಕಷ್ಟದ ಕಾಲ ಬಂದಾಗಲೂ ಅದನ್ನೇ ಮಾಡಿದರು. ಹಾರ್ಲೆಮ್‌ನ ಆ ಮನೆ 1988ರಿಂದ ಮ್ಯೂಸಿಯಂ ಆಗಿದೆ. ಆ ಸುಳ್ಳು ಗೋಡೆಯನ್ನು ಈಗಲೂ ನೋಡಬಹುದು.

– ಏಳನೇ ತರಗತಿ