ಬಾಂಡ್ ಬಂದ ಮೇಲೆ ಪಾಲಿಸಿ ಬೇಡವೆನಿಸಿದರೆ?

ಪ್ರಶ್ನೆ: ಜೀವವಿಮೆ ಪಾಲಿಸಿಯನ್ನು ಹಿಂದಿರುಗಿಸಿದರೆ ಕಟ್ಟಿದ ಹಣ ಸಿಗುತ್ತದೆಯೇ? – ಓದುಗರು, ಕುಂದಾಪುರ

ಉತ್ತರ: ಸಿಗುತ್ತದೆ.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ, ಪಾಲಿಸಿ ಪತ್ರ (ಬಾಂಡ್) ಕೈಸೇರಿದ 30 ದಿನಗಳೊಳಗೆ ಅದನ್ನು ಮರಳಿಸಬಹುದು. ಮೊದಲು ಈ ಅವಕಾಶ ಸಾಮಾನ್ಯವಾಗಿ 15 ದಿನವಷ್ಟೇ ಇತ್ತು. ಪಾಲಿಸಿ ಜಾರಿಯಲ್ಲಿದ್ದ ದಿನಗಳ ರಕ್ಷಣೆಯ ವೆಚ್ಚ, ವೈದ್ಯಕೀಯ ತಪಾಸಣೆ ಮತ್ತು ಸ್ಟ್ಯಾಂಪ್ ಶುಲ್ಕ ಕಳೆದು ಉಳಿದ ಹಣ ಬರುತ್ತದೆ. ಬೈಂದೂರು, ಬ್ರಹ್ಮಾವರದಿಂದ ಬೆಂಗಳೂರು, ಮುಂಬೈಗೆ ದುಡಿಯಲು ಹೋದವರ ಬಾಂಡ್ ಊರಿನ ಮನೆಗೆ ಬಂದರೆ ಮನೆಯವರು ಕೂಡಲೇ ತಿಳಿಸಬೇಕು. ಹಬ್ಬಕ್ಕೆ ಬಂದಾಗ ನೋಡುವಷ್ಟರಲ್ಲಿ ಗಡುವು ದಾಟಿರುತ್ತದೆ.



ಕಂಪನಿ ದೂರಿಗೆ ಸ್ಪಂದಿಸದಿದ್ದರೆ ಪ್ರಾಧಿಕಾರದ ಸಹಾಯವಾಣಿ 155255ಕ್ಕೆ ಕರೆ ಮಾಡಬಹುದು. ತಿಂಗಳಾದರೂ ಪರಿಹಾರ ಸಿಗದವರು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ ಕಚೇರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.