ಆಕಾಶದಲ್ಲಿ ಮಗು ಅಳುವುದೇಕೆ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಜ್ಜಿ, ಕೊಲ್ಲಿ ದೇಶದಲ್ಲಿ ದುಡಿಯುವ ಗಂಡನ ಬಳಿಗೆ ಎಳೆಮಗುವಿನೊಂದಿಗೆ ಹೊರಟ ತಾಯಿ, ರಜೆಗೆಂದು ಮಕ್ಕಳನ್ನು ಅಜ್ಜಿಯ ಮನೆಗೆ ಕರೆತರುವ ದಂಪತಿಗಳು - ಇಂಥವರು ಈಗ ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಬಹುಶಃ ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಇವರೆಲ್ಲರನ್ನೂ ಕಾಡುವ ಆತಂಕ ಒಂದೇ. ಎಕಾನಮಿ ದರ್ಜೆಯಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಸುಮಾರು ಎರಡೂವರೆ ಅಡಿ ಅಂತರ. ಅಷ್ಟು ಇಕ್ಕಟ್ಟಿನಲ್ಲಿ ಹತ್ತು ಹದಿನೈದು ಗಂಟೆ ಕಳೆಯುವಾಗ ಮಗು ಅಳತೊಡಗಿದರೆ ಏನು ಮಾಡುವುದು?

ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆಗೆ ನನ್ನಲ್ಲೂ ಉತ್ತರವಿರಲಿಲ್ಲ. ಹನ್ನೊಂದು ತಿಂಗಳ ಮಗ, ನಾಲ್ಕು ವರ್ಷದ ಮಗಳು, ಹೆಂಡತಿ - ನಾವು ನಾಲ್ವರು ಕೊಲ್ಲಿಯ ಒಂದು ನಗರದಲ್ಲಿ ಇಳಿದು, ಅಲ್ಲಿಂದ ಮುಂದಿನ ವಿಮಾನ ಹಿಡಿಯಬೇಕಿತ್ತು. ದಾರಿಯುದ್ದಕ್ಕೂ ಕಾಡಿದ ಮಗ ಕೊನೆಯ ಅರ್ಧ ಗಂಟೆ ಇರುವಾಗ ನಿದ್ರೆ ಹೋದ. ಎಬ್ಬಿಸುವುದು ಬೇಡವೆಂದು ನಾನು ಉಸಿರು ಬಿಗಿಹಿಡಿದು ಕುಳಿತೆ. ವಿಮಾನ ಇಳಿಯತೊಡಗಿದ್ದೇ ತಡ, ಅವನು ಕಿಟಾರನೆ ಕಿರುಚಿಕೊಂಡು ಎದ್ದ. ಹಿಂದಿನ ಸಾಲಿನವರು ಗೊಣಗಿದರು. ನನಗೆ ಬೆವರಿಳಿಯಿತು. ಆಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ಬೇಗ ಹಾಲು ಕುಡಿಸಪ್ಪಾ, ಕಿವಿ ಕಟ್ಟಿರುತ್ತೆ" ಎಂದರು. ಬಾಟಲಿ ಬಾಯಿಗಿಟ್ಟು ಐದು ನಿಮಿಷವಾಗುವಷ್ಟರಲ್ಲಿ ಮಗು ಶಾಂತವಾಯಿತು.

ಭೌತಶಾಸ್ತ್ರ ಓದಿ ಪದವಿ ಪಡೆದವನು ನಾನು. ಬಾಯ್ಲ್‌ನ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದೆ. ಅದು ನನ್ನ ಮಗನ ಕಿವಿಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ! ಆ ಸಂಗತಿಯನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಬೆಟ್ಟದ ಮೇಲಿನ ಗಾಳಿ

ದೂರ ಪ್ರಯಾಣದ ವಿಮಾನ ಸುಮಾರು 35,000 ಅಡಿ ಎತ್ತರದಲ್ಲಿ ಹಾರುತ್ತದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಕಾಲು ಭಾಗದಷ್ಟೂ ಇರುವುದಿಲ್ಲ; ತಾಪಮಾನ ಸೊನ್ನೆಗಿಂತ 50 ಡಿಗ್ರಿ ಕೆಳಗಿರುತ್ತದೆ. ಆದ್ದರಿಂದ ವಿಮಾನದೊಳಗೆ ಗಾಳಿ ತುಂಬಿ ಒತ್ತಡ ಹೆಚ್ಚಿಸುತ್ತಾರೆ. ಆದರೆ ನೆಲದ ಮಟ್ಟದಷ್ಟು ಹೆಚ್ಚಿಸುವುದಿಲ್ಲ. 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟು ಒತ್ತಡ ಮಾತ್ರ ಒಳಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಎಂದರೆ 6,300 ಅಡಿಗಿಂತ ತುಸು ಹೆಚ್ಚು. ನಿಮ್ಮ ಮಗು ಹತ್ತಾರು ಗಂಟೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಕುಳಿತಂತೆ ಎಂದುಕೊಳ್ಳಿ.

ಒತ್ತಡ ಕಡಿಮೆಯಾದಾಗ ಮುಚ್ಚಿದ ಜಾಗದಲ್ಲಿರುವ ಗಾಳಿ ಹಿಗ್ಗುತ್ತದೆ. ವಿಮಾನದಲ್ಲಿ ಚಿಪ್ಸ್ ಪೊಟ್ಟಣ ಉಬ್ಬಿಕೊಳ್ಳುವುದನ್ನು ನೀವು ನೋಡಿರಬಹುದು. ಮಗುವಿನ ಹೊಟ್ಟೆಯೊಳಗಿನ ಗಾಳಿಯೂ ಹಾಗೆಯೇ. ಆದ್ದರಿಂದ ಹಾರಾಟದಲ್ಲಿ ಹಾಲು, ಊಟ ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಪ್ರತಿ ಸಲವೂ ಹೆಗಲ ಮೇಲೆ ಹಾಕಿಕೊಂಡು ತೇಗಿಸಿ.

ಕಿವಿಯ ಕಥೆಯೇ ಬೇರೆ. ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ. ಅಲ್ಲಿಂದ ಗಂಟಲಿನ ಮೇಲ್ಭಾಗಕ್ಕೆ ಯೂಸ್ಟೇಶಿಯನ್ ನಾಳ ಎಂಬ ಸಣ್ಣ ಕೊಳವೆ ಇದೆ. ವಿಮಾನ ಏರುವಾಗ ಒಳಗಿನ ಗಾಳಿ ಈ ನಾಳದ ಮೂಲಕ ತಾನಾಗಿಯೇ ಹೊರಬರುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚುತ್ತದೆ. ಗಾಳಿ ಒಳಹೋಗಬೇಕಾದರೆ ನಾಳ ತೆರೆಯಬೇಕು. ಅದು ತೆರೆಯುವುದು ನುಂಗುವಾಗ, ಆಕಳಿಸುವಾಗ. ಮಕ್ಕಳಲ್ಲಿ ಈ ನಾಳ ಕಿರಿದು, ಹೆಚ್ಚು ಅಡ್ಡವಾಗಿಯೂ ಇರುತ್ತದೆ. ನಾಳ ತೆರೆಯದಿದ್ದರೆ ಕಿವಿತಮಟೆ ಒಳಕ್ಕೆ ಒತ್ತಿ ನೋಯುತ್ತದೆ. ಘಾಟಿ ಇಳಿಯುವಾಗ ನಮಗೆ ಕಿವಿ ಕಟ್ಟುವುದು ಇದೇ ಕಾರಣಕ್ಕೆ. ನಾವು ಉಗುಳು ನುಂಗಿ ಸರಿಪಡಿಸಿಕೊಳ್ಳುತ್ತೇವೆ. ಮಲಗಿದ ಮಗು ನುಂಗುವುದೇ ಅಪರೂಪ. ನನ್ನ ತಪ್ಪು ನಿಮಗೀಗ ತಿಳಿಯಿತಲ್ಲವೆ?

ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ವಿಮಾನ ಇಳಿಯತೊಡಗುತ್ತದೆ. ಆಗ ಮಗುವನ್ನು ಎಬ್ಬಿಸಿ, ಕೂರಿಸಿಕೊಂಡು, ಎದೆಹಾಲನ್ನೋ ಬಾಟಲಿ ಹಾಲನ್ನೋ ಕುಡಿಸಿ. ದೊಡ್ಡ ಮಕ್ಕಳಿಗೆ ಸ್ಟ್ರಾದಲ್ಲಿ ನೀರು ಕೊಡಿ. ನಾಲ್ಕು ವರ್ಷ ತುಂಬದವರಿಗೆ ಗಟ್ಟಿ ಪೆಪ್ಪರಮಿಂಟು ಬೇಡ, ಗಂಟಲಿನಲ್ಲಿ ಸಿಕ್ಕಿಕೊಂಡೀತು. ಬೆಂಗಳೂರು ವಿಮಾನ ನಿಲ್ದಾಣ ಸುಮಾರು 3,000 ಅಡಿ ಎತ್ತರದಲ್ಲಿದೆ. ಆದ್ದರಿಂದ ಇಲ್ಲಿ ಇಳಿಯುವುದಕ್ಕಿಂತ ಸಮುದ್ರಮಟ್ಟದ ಮುಂಬಯಿ, ದುಬೈಗಳಲ್ಲಿ ಇಳಿಯುವಾಗ ಒತ್ತಡದ ಬದಲಾವಣೆ ಹೆಚ್ಚು. ನೆಗಡಿಯಿಂದ ಮೂಗು ಕಟ್ಟಿದ್ದರೆ ನಾಳವೂ ಕಟ್ಟಿರುತ್ತದೆ. ಅಂಥ ಮಗುವನ್ನು ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ.

ಒಣ ಹವೆ, ಕಲಸಿದ ಗಡಿಯಾರ

ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಬಹಳ ಕಡಿಮೆ. ಸಾಮಾನ್ಯವಾಗಿ ಶೇಕಡಾ 10ರಿಂದ 20ರಷ್ಟು. ತುಟಿ, ಮೂಗು ಒಣಗುತ್ತವೆ, ಮಗು ಕಿರಿಕಿರಿ ಮಾಡುತ್ತದೆ. ಬಾಯಾರಿಕೆ ಎಂದು ಹೇಳಲು ಬಾರದ ಮಗುವಿಗೆ ನೀವೇ ನೆನಪಿಟ್ಟುಕೊಂಡು ಆಗಾಗ ಕುಡಿಸಬೇಕು. ಆರು ತಿಂಗಳೊಳಗಿನ ಮಗುವಿಗೆ ಹಾಲೇ ಸಾಕು. 2006ರ ನಂತರ ದ್ರವ ಪದಾರ್ಥಗಳಿಗೆ 100 ಮಿಲಿಲೀಟರ್ ಮಿತಿ ಬಂದರೂ, ಪ್ರಯಾಣಕ್ಕೆ ಬೇಕಾಗುವಷ್ಟು ಮಗುವಿನ ಹಾಲು, ಆಹಾರಕ್ಕೆ ವಿನಾಯಿತಿ ಇದೆ. ತಪಾಸಣೆಯಲ್ಲಿ ಬೇರೆಯಾಗಿ ತೆಗೆದು ತೋರಿಸಿದರಾಯಿತು. ರಾಗಿ ಹಿಟ್ಟನ್ನು ಪೊಟ್ಟಣದಲ್ಲಿ ಒಯ್ದರೆ ವಿಮಾನದಲ್ಲಿ ಬಿಸಿನೀರು ಕೇಳಿ ಪಡೆಯಬಹುದು. ಆದರೆ ಬಿಸಿನೀರಿನ ಲೋಟವನ್ನು ಮಗುವಿನ ಕೈಗೆ ಸಿಗುವಂತೆ ಇಡಬೇಡಿ.

ಇನ್ನು ನಿದ್ರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಚಾಲಕರ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ವಿಮಾನ ಹಾರಿಸಿತು. ಆ ಪ್ರಯಾಣಕ್ಕೆ ಸುಮಾರು 17 ಗಂಟೆ ಬೇಕಾಯಿತು. ಆ ಎರಡು ಊರುಗಳ ನಡುವಿನ ವ್ಯತ್ಯಾಸ ಋತುವಿಗೆ ತಕ್ಕಂತೆ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ; ಎಂದರೆ ನಮ್ಮ ಹಗಲು ಅವರ ರಾತ್ರಿ. ವಿಮಾನ ಒಂದು ದಿನದಲ್ಲಿ ತಲುಪಿಸಿದರೂ ದೇಹದೊಳಗಿನ ಗಡಿಯಾರ ಹಾಗೆ ಥಟ್ಟನೆ ತಿರುಗುವುದಿಲ್ಲ. ಅದನ್ನು ತಿರುಗಿಸುವುದು ಮುಖ್ಯವಾಗಿ ಬೆಳಕು. ಊರು ತಲುಪಿದ ಮೇಲೆ ಹಗಲಿನಲ್ಲಿ ಮಗುವನ್ನು ಹೊರಗೆ ಆಡಿಸಿ. ನಡುರಾತ್ರಿ ಎದ್ದರೆ ದೀಪ ಉರಿಸದೆ, ಆಟಕ್ಕಿಳಿಯದೆ ಸಮಾಧಾನ ಮಾಡಿ. ಕೆಲವು ದಿನ ಹಿಡಿಯುತ್ತದೆ, ಅದು ಹಠವಲ್ಲ.

ನಿದ್ರೆ ಬರಲೆಂದು ಕೆಮ್ಮು-ನೆಗಡಿಯ ಸಿರಪ್ ಕುಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ಮಕ್ಕಳು ಅದರಿಂದ ಮಲಗುವ ಬದಲು ಇನ್ನಷ್ಟು ಕೆರಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಎಳೆಯ ಮಕ್ಕಳಲ್ಲಿ ಇಂಥ ಔಷಧ ಉಸಿರಾಟವನ್ನೇ ಕುಗ್ಗಿಸಬಹುದು; ವಿಮಾನದಲ್ಲಿ ದೊರೆಯುವ ಆಮ್ಲಜನಕವೂ ನೆಲದ ಮೇಲಿನದಕ್ಕಿಂತ ಕಡಿಮೆ. ಮಗುವಿನ ಅಳುವಿಗೆ ಹೆದರಿ ಅದರ ಉಸಿರಿನೊಡನೆ ಆಟವಾಡಬಾರದು.

ಮಡಿಲು ಎಷ್ಟು ಸುರಕ್ಷಿತ?

ಎರಡು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಆಸನ ಕೊಳ್ಳದೆ ಮಡಿಲಲ್ಲಿ ಕೂರಿಸಿಕೊಳ್ಳಲು ಅವಕಾಶವಿದೆ. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಹೋಗುತ್ತಾರೆ, ನಾನೂ ಹೋದೆ. ಆದರೆ ಇದರ ಲೆಕ್ಕ ನಿಮಗೆ ಗೊತ್ತಿರಲಿ. ವೇಗ ಥಟ್ಟನೆ ತಗ್ಗಿ, ಗುರುತ್ವದ ಒಂಬತ್ತು ಪಟ್ಟು ಬಲ ಬಿದ್ದರೆ, 10 ಕಿಲೋ ಮಗು 90 ಕಿಲೋ ಭಾರದಂತೆ ಮುಂದಕ್ಕೆ ನುಗ್ಗುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು.

1989ರ ಜುಲೈ 19ರಂದು ಅಮೆರಿಕದ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ತುರ್ತಾಗಿ ಇಳಿಯಲು ಹೋಗಿ ಅಪಘಾತಕ್ಕೀಡಾಯಿತು. ಅದರಲ್ಲಿ ಪ್ರತ್ಯೇಕ ಆಸನವಿಲ್ಲದ ನಾಲ್ಕು ಮಕ್ಕಳಿದ್ದರು. ಅಂದಿನ ಪದ್ಧತಿಯಂತೆ ಮಕ್ಕಳನ್ನು ಕಾಲಬುಡದ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿ ಎಂದು ಹೇಳಲಾಯಿತು. ಒಂದು ಮಗು ಉಳಿಯಲಿಲ್ಲ. ಆ ಸೂಚನೆ ಕೊಟ್ಟಿದ್ದ ಮುಖ್ಯ ಪರಿಚಾರಕಿ ಜಾನ್ ಬ್ರೌನ್, ಪ್ರತಿ ಮಗುವಿಗೂ ಅದರದೇ ಆಸನ ಇರಬೇಕೆಂದು ಮುಂದೆ ವರ್ಷಗಟ್ಟಲೆ ಹೋರಾಡಿದರು. ಅಮೆರಿಕದ ವಿಮಾನಯಾನ ಆಡಳಿತ ಅದನ್ನು ಶಿಫಾರಸು ಮಾಡುತ್ತದೆ, ಕಡ್ಡಾಯ ಮಾಡಿಲ್ಲ. ಟಿಕೆಟ್ಟಿನ ಖರ್ಚಿಗೆ ಅಂಜಿ ಜನ ಕಾರಿನಲ್ಲಿ ಹೊರಟರೆ ರಸ್ತೆಯಲ್ಲಿ ಸಾಯುವವರೇ ಹೆಚ್ಚಾಗುತ್ತಾರೆ ಎಂಬುದು 2005ರಲ್ಲಿ ಅದು ಕೊಟ್ಟ ಕಾರಣ. ಯೋಚಿಸಬೇಕಾದ ಮಾತೇ ಸರಿ.

ಇಂಥ ಅಪಘಾತ ತೀರ ಅಪರೂಪ. ವಿಮಾನ ಕುಲುಕಾಡುವುದು ಅಪರೂಪವಲ್ಲ. ಸಾಧ್ಯವಿದ್ದರೆ ಆಸನ ಕೊಂಡು, ವಿಮಾನದಲ್ಲಿ ಬಳಸಲು ಒಪ್ಪಿಗೆ ಇರುವ ಮಗುವಿನ ಕುರ್ಚಿ ಒಯ್ಯಿರಿ. ಸಾಧ್ಯವಾಗದಿದ್ದರೆ ಸಿಬ್ಬಂದಿ ಕೊಡುವ ಮಗುವಿನ ಪಟ್ಟಿ ಬಳಸಿ. ನಿಮ್ಮ ಪಟ್ಟಿಯೊಳಗೇ ಮಗುವನ್ನು ಸೇರಿಸಿ ಬಿಗಿಯಬೇಡಿ. ಗೋಡೆಗೆ ತಗಲಿಸುವ ತೊಟ್ಟಿಲು ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಕೇಳಿ. ಪಟ್ಟಿ ಬಿಗಿಯುವ ದೀಪ ಹೊತ್ತಿದಾಗ ಮಗುವನ್ನು ಅದರಿಂದ ಎತ್ತಿಕೊಳ್ಳಿ.

ಇನ್ನೊಂದು ಮಾತು. ಆಮ್ಲಜನಕದ ಮುಖವಾಡ ಕೆಳಗಿಳಿದರೆ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಗುವಿಗೆ. ಇದು ಸ್ವಾರ್ಥವಲ್ಲ. 35,000 ಅಡಿಯಲ್ಲಿ ಒತ್ತಡ ಹೋದರೆ ನಿಮಗೆ ಸರಿಯಾದ ಎಚ್ಚರ ಇರುವುದು ಒಂದು ನಿಮಿಷಕ್ಕೂ ಕಡಿಮೆ. ನೀವೇ ಮಂಕಾದರೆ ಮಗುವಿಗೆ ಹಾಕುವವರು ಯಾರು?

ಪಕ್ಕದಲ್ಲಿ ಕುಳಿತವರಿಗೆ

ಕೊನೆಯದಾಗಿ, ಮಕ್ಕಳಿಲ್ಲದೆ ಪ್ರಯಾಣ ಮಾಡುವ ನಿಮಗೊಂದು ವಿನಂತಿ. ಅಳುತ್ತಿರುವ ಮಗುವಿನ ಕಿವಿ ನೋಯುತ್ತಿದೆ, ಹೊಟ್ಟೆ ಉಬ್ಬಿದೆ, ಅದಕ್ಕೆ ಅದು ನಡುರಾತ್ರಿ. ಇದನ್ನು ಬಾಯಿಬಿಟ್ಟು ಹೇಳಲು ಅದಕ್ಕೆ ಅಳುವೊಂದೇ ಭಾಷೆ. ತಂದೆತಾಯಿಯತ್ತ ಕಣ್ಣು ಕೆಂಪಗೆ ಮಾಡಿದರೆ ಅವರ ಕೈ ಇನ್ನಷ್ಟು ನಡುಗುತ್ತದೆ. ಅಂದು ನನ್ನ ಪಕ್ಕದಲ್ಲಿದ್ದ ಅಜ್ಜಿಗೆ ಬಾಯ್ಲ್‌ನ ನಿಯಮ ತಿಳಿದಿತ್ತೋ ಇಲ್ಲವೋ, ಮಗುವಿನ ಕಿವಿ ಕಟ್ಟಿದ್ದು ತಿಳಿಯಿತು. ಮುಂದಿನ ಸಲ ವಿಮಾನ ಇಳಿಯುವಾಗ ನಿಮ್ಮ ಪಕ್ಕದಲ್ಲಿ ಮಗುವೊಂದು ಅತ್ತರೆ, ಆ ಒಂದು ಮಾತನ್ನು ನೀವೂ ಹೇಳಿ.