ಓದಲು ತಡವರಿಸುವ ಮಗುವೂ ಕಂಪ್ಯೂಟರ್ ಆಟವೂ

“ಹುಡುಗ ಚುರುಕ ಅದಾನ, ಬಾಯಿಲೆಕ್ಕ ಪಟಪಟ ಹೇಳತಾನ, ಪುಸ್ತಕ ಹಿಡದ್ರ ಮಾತ್ರ ತಡವರಸ್ತಾನ.” ಜಮಖಂಡಿ, ಮುಧೋಳ, ಬೀಳಗಿಯ ಒಕ್ಕಲು ಮನೆಗಳಲ್ಲಿಯೂ ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿಯೂ ಇಂತಹ ಮಾತು ಕೇಳಿಬರುವುದುಂಟು. ಆ ಮಗುವನ್ನು ಸೋಮಾರಿಯೆಂದು ಹಳಿಯುವುದು ಅನ್ಯಾಯ. ಬುದ್ಧಿಗೆ ಕೊರತೆಯಿಲ್ಲದಿದ್ದರೂ ಅಕ್ಷರವನ್ನು ಅದರ ಧ್ವನಿಯೊಡನೆ ಹೊಂದಿಸಲು ಮಿದುಳು ಪ್ರಯಾಸಪಡುವ ಈ ಸ್ಥಿತಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳನ್ನು ಗುರುತಿಸಬೇಕಾದುದರಿಂದ ಇಂತಹ ಮಗುವಿನ ಹೊರೆ ಇನ್ನೂ ಹೆಚ್ಚು.

ನೆನಪಿನ ಶಕ್ತಿ, ಏಕಾಗ್ರತೆಗಳನ್ನು ಕಂಪ್ಯೂಟರ್ ಆಟಗಳಿಂದ ಬೆಳೆಸಿದರೆ ಓದು ತಾನೇ ಸುಧಾರಿಸುವುದೆಂಬ ಪ್ರಚಾರ ಇಂದು ಮೊಬೈಲಿನವರೆಗೂ ಬಂದಿದೆ. ಸಾಲ ಮಾಡಿ ಹಣ ತೆರುವ ಮುನ್ನ ಒಂದು ಸಂಗತಿಯನ್ನು ಅರಿಯಬೇಕು. ನೆನಪಿನ ತರಬೇತಿಯ 23 ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದಾಗ, ತರಬೇತಿ ಪಡೆದವರು ಆ ಬಗೆಯ ಆಟಗಳಲ್ಲಿ ಮುಂದೆ ಬಂದರೇ ಹೊರತು ಪದಗಳನ್ನು ಓದುವ ಶಕ್ತಿ ಹೆಚ್ಚಿದುದು ಕಂಡುಬರಲಿಲ್ಲ. ಈಜು ಕಲಿಯಲು ನೀರಿಗೇ ಇಳಿಯಬೇಕು. ಓದು ಕಲಿಯಲು ಅಕ್ಷರವನ್ನೇ ಹಿಡಿಯಬೇಕು.

ಹಾಗೆಂದು ಕಂಪ್ಯೂಟರ್ ವ್ಯರ್ಥವಲ್ಲ. ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಗ್ರಾಫೋಗೇಮ್’ ಆಟವು ಧ್ವನಿಯನ್ನು ಕೇಳಿಸಿ ಅಕ್ಷರವನ್ನು ಆರಿಸುವುದನ್ನೇ ಕಲಿಸುತ್ತದೆ. ಅದೂ ಹೆಚ್ಚು ಫಲ ಕೊಟ್ಟುದು ಹಿರಿಯರು ಬದಿಯಲ್ಲಿದ್ದು ಮಗುವಿನೊಡನೆ ತೊಡಗಿದಾಗ.

ಆದುದರಿಂದ ಮೊದಲು ಮಗುವಿನ ಕಣ್ಣು, ಕಿವಿಗಳನ್ನು ಪರೀಕ್ಷಿಸಿರಿ. ಶಾಲೆಯ ಗುರುಗಳೊಡನೆ ಮಾತನಾಡಿರಿ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷೆ ಕನ್ನಡದಲ್ಲಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗಳಲ್ಲಿ ತಜ್ಞರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಕಲಿಕಾ ನ್ಯೂನತೆಯನ್ನೂ ಒಳಗೊಂಡಿರುವುದರಿಂದ, ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂತಹ ಸೌಲಭ್ಯವನ್ನು ಕೇಳಬಹುದು.

ಮನೆಯಲ್ಲಿ ದಿನಕ್ಕೆ 20 ನಿಮಿಷ ಸಾಕು. ‘ಕಮಲ’ ಎಂಬ ಪದವನ್ನು ‘ಕ-ಮ-ಲ’ ಎಂದು ಬಿಡಿಸಿ ಹೇಳಿಸಿರಿ. ‘ಕ’ ತೆಗೆದರೆ ಏನುಳಿಯಿತೆಂದು ಕೇಳಿರಿ. ‘ಮ’ ಮತ್ತು ‘ವ’, ‘ಪ’ ಮತ್ತು ‘ಷ’ಗಳಂತೆ ಒಂದನ್ನೊಂದು ಹೋಲುವ ಅಕ್ಷರಗಳನ್ನು ಬೇರೆಬೇರೆ ದಿನ ಮರಳಿನ ಮೇಲೆ ಬೆರಳಿನಿಂದ ಬರೆಯಿಸುತ್ತ, ಧ್ವನಿಯನ್ನೂ ನುಡಿಸಿರಿ. ತಪ್ಪಿದಾಗ ಗದರದೆ ಮತ್ತೊಮ್ಮೆ ಹೇಳಿಕೊಡಿರಿ. ಓದಲು ಬಾರದ ತಾಯಿಯೂ ಈ ಧ್ವನಿಯಾಟವನ್ನು ಆಡಿಸಬಲ್ಲಳು. ಮಗುವಿನ ಪಕ್ಕದಲ್ಲಿ ಕುಳಿತು ನಾವು ಕೊಡುವ ಈ ವೇಳೆಗೆ ಯಾವ ಯಂತ್ರವೂ ಬದಲಿಯಾಗಲಾರದು.